ಟ್ರ್ಯಾಕ್ಟರ್‌ಗೆ ಜೀವ ಇದೆ, ಬೇವಿನ ಮರಕ್ಕೆ ಇಲ್ಲ!

ಕೊಪ್ಪಳದ ಕಡೆಯ ಯಾವುದಾದರೂ ಅಂಗನವಾಡಿಗೆ ಹೋಗಿ, ನಾಲ್ಕೈದು ವರ್ಷದ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕೇಳಿ ನೋಡಿ. ನಾಯಿಗೆ ಜೀವ ಐತೇನು? "ಐತಿ." ಈ ಕಲ್ಲಿಗೆ? "ಇಲ್ಲ." ಇಲ್ಲಿಯವರೆಗೆ ತಕರಾರಿಲ್ಲ. ರಸ್ತೆಯಲ್ಲಿ ಹೋಗುತ್ತಿರುವ ಟ್ರ್ಯಾಕ್ಟರ್‌ಗೆ? ಒಂದಿಬ್ಬರು ಯೋಚಿಸುತ್ತಾರೆ. ಉಳಿದವರು "ಐತ್ರಿ, ಅದು ಓಡ್ತೈತಿ" ಅನ್ನುತ್ತಾರೆ. ಅಂಗಳದ ಬೇವಿನ ಮರಕ್ಕೆ? "ಇಲ್ರಿ ಅಕ್ಕೋರ, ಅದು ಸುಮ್ನ ನಿಂತೈತಿ."

ನಗು ಬರುತ್ತದೆ ನಿಜ. ಆದರೆ ಈ ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡಿ. ಮಗು ಬಾಯಿಗೆ ಬಂದದ್ದು ಹೇಳುತ್ತಿಲ್ಲ. ಅದರ ತಲೆಯಲ್ಲಿ ಒಂದು ನಿಯಮ ಇದೆ. ಓಡಾಡಿದರೆ ಜೀವ ಇದೆ, ಸುಮ್ಮನಿದ್ದರೆ ಇಲ್ಲ. ನಾಲ್ಕೂ ಉತ್ತರ ಆ ನಿಯಮಕ್ಕೆ ಸರಿಯಾಗಿಯೇ ಹೊಂದುತ್ತವೆ. ಆಗ ನಾವು ಮಾಡುವುದೇನು? "ತಪ್ಪು. ಟ್ರ್ಯಾಕ್ಟರ್ ನಿರ್ಜೀವಿ, ಮರ ಜೀವಿ" ಎಂದು ತಿದ್ದುತ್ತೇವೆ. ಎರಡು ಪಟ್ಟಿ ಬರೆಸಿ ಬಾಯಿಪಾಠ ಮಾಡಿಸುತ್ತೇವೆ. ಮಗು ಪಟ್ಟಿಯನ್ನು ಕಲಿಯುತ್ತದೆ, ಆದರೆ ನಿಯಮ ತಲೆಯಲ್ಲಿ ಹಾಗೇ ಕೂತಿರುತ್ತದೆ. ಮರುದಿನ ಪಟ್ಟಿಯಲ್ಲಿ ಇಲ್ಲದ ಮೋಡವನ್ನೋ ಹುಣಸೆ ಬೀಜವನ್ನೋ ಕೇಳಿ, ಹಳೇ ನಿಯಮದಿಂದಲೇ ಉತ್ತರ ಬರುತ್ತದೆ.

ಆ ನಿಯಮ ಯಾಕೆ ಅಷ್ಟು ಗಟ್ಟಿ? ಓಡಾಟ ಒಂದೇ ನೋಟಕ್ಕೆ ಕಾಣುತ್ತದೆ, ಅದಕ್ಕೆ. ಬೆಳೆಯುವುದು, ಮರಿ ಹಾಕುವುದು, ಗಾಯ ಮಾಯುವುದು, ಸಾಯುವುದು ಹಾಗೆ ಥಟ್ಟನೆ ಕಾಣುವಂಥವಲ್ಲ. ಅವಕ್ಕೆ ದಿನ ಬೇಕು, ಕೆಲವಕ್ಕೆ ತಿಂಗಳೇ ಬೇಕು. ಗೋಡೆಯ ಚಾರ್ಟ್‌ನಲ್ಲಿ ಎಡಕ್ಕೆ ಆಕಳ ಚಿತ್ರ, ಬಲಕ್ಕೆ ಕುರ್ಚಿಯ ಚಿತ್ರ ಇರುತ್ತದೆ. ಚಿತ್ರದ ಆಕಳು ಮೇಯುವುದಿಲ್ಲ, ಕರು ಹಾಕುವುದಿಲ್ಲ, ಅದೂ ಕುರ್ಚಿಯ ಹಾಗೇ ನಿಂತಿರುತ್ತದೆ. ಜೀವ ಅನ್ನುವುದನ್ನು ಚಾರ್ಟ್ ಇಟ್ಟುಕೊಂಡು ಕಲಿಸೋಕೆ ಆಗಲ್ಲ ಅನ್ನುವುದು ನನ್ನ ವಾದ. ಅದನ್ನು ದಿನದಿಂದ ದಿನಕ್ಕೆ ನೋಡುತ್ತಾ ಕಲಿಯಬೇಕು. ಹಾಗಂತ ಇದಕ್ಕೆ ದುಡ್ಡೇನೂ ಬೇಕಿಲ್ಲ. ಒಂದು ಹಿಡಿ ಹೆಸರುಕಾಳು, ಒಂದು ಹಸಿ ಬಟ್ಟೆ ಇದ್ದರೆ ಶುರು ಮಾಡಬಹುದು. ಅಲ್ಲಿಗೆ ಆಮೇಲೆ ಬರೋಣ.

ಮಕ್ಕಳಿಗೆ ಗೊತ್ತಿರುವುದೆಷ್ಟು?

ಬಿ.ಇಡಿ., ಡಿ.ಇಡಿ. ಓದಿದವರಿಗೆ ಜೀನ್ ಪಿಯಾಜೆ ಹೆಸರು ಪರಿಚಯ ಇದ್ದೇ ಇರುತ್ತದೆ. ಸ್ವಿಟ್ಜರ್ಲೆಂಡಿನ ಈ ಮನಶ್ಶಾಸ್ತ್ರಜ್ಞ 1920ರ ದಶಕದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಇಂಥವೇ ಪ್ರಶ್ನೆ ಕೇಳಿದವರು. ಸೂರ್ಯನಿಗೆ ಜೀವ ಇದೆಯಾ? ಗಾಳಿಗೆ? ಸೈಕಲ್‌ಗೆ? ಉತ್ತರಗಳಲ್ಲಿ ಅವರಿಗೆ ಒಂದು ಕ್ರಮ ಕಂಡಿತು. ತೀರಾ ಚಿಕ್ಕ ಮಕ್ಕಳಿಗೆ ಏನಾದರೂ ಕೆಲಸ ಮಾಡುವ ವಸ್ತುವಿಗೆಲ್ಲ ಜೀವ ಇದೆ. ಸ್ವಲ್ಪ ದೊಡ್ಡವರಾದರೆ, ಚಲಿಸುವುದಕ್ಕೆ ಮಾತ್ರ ಜೀವ. ಇನ್ನೂ ದೊಡ್ಡವರಾದರೆ, ತಾನಾಗಿಯೇ ಚಲಿಸುವುದಕ್ಕೆ ಮಾತ್ರ. ಆಗ ಸೈಕಲ್ ಹೊರಗೆ ಬೀಳುತ್ತದೆ, ಆದರೆ ಸೂರ್ಯ, ಗಾಳಿ, ಹೊಳೆ ಒಳಗೇ ಉಳಿಯುತ್ತವೆ. ಪ್ರಾಣಿ ಮತ್ತು ಗಿಡಗಳಿಗೆ ಮಾತ್ರ ಜೀವ ಇದೆ ಅನ್ನುವ ತಿಳಿವಳಿಕೆ ಬರುವಷ್ಟರಲ್ಲಿ ವಯಸ್ಸು 11-12 ಆಗಿರುತ್ತದೆ ಎಂದು ಅವರು ಹೇಳಿದರು.

ಆಮೇಲೆ ಬಂದ ಸಂಶೋಧಕರು ಇದನ್ನು ಸುಮ್ಮನೆ ಒಪ್ಪಿಕೊಳ್ಳಲಿಲ್ಲ. ಸೂರ್ಯ, ಗಾಳಿ ಅಂಥವನ್ನು ಕೇಳಿದರೆ ಮಗು ತಬ್ಬಿಬ್ಬಾಗದೆ ಇನ್ನೇನು? ಅಮೆರಿಕದಲ್ಲಿ ಕ್ರಿಸ್ಟೀನ್ ಮ್ಯಾಸಿ ಮತ್ತು ರೋಚೆಲ್ ಗೆಲ್ಮನ್ 1988ರಲ್ಲಿ ಪ್ರಶ್ನೆಯನ್ನೇ ಬದಲಿಸಿದರು. ಮೂರು, ನಾಲ್ಕು ವರ್ಷದ ಮಕ್ಕಳಿಗೆ ಅವರು ಎಂದೂ ಕಂಡಿರದ ಪ್ರಾಣಿಗಳ, ಪ್ರಾಣಿಯ ಆಕಾರದ ಮೂರ್ತಿಗಳ, ಗಾಲಿ ಇರುವ ವಾಹನಗಳ ಫೋಟೋ ತೋರಿಸಿದರು. ಕೇಳಿದ್ದು ಇಷ್ಟೇ: ಇದು ತಾನೇ ಗುಡ್ಡ ಹತ್ತುತ್ತದಾ? ತಾನೇ ಇಳಿಯುತ್ತದಾ? ಮಕ್ಕಳು ಬಹುಪಾಲು ಸರಿಯಾಗಿಯೇ ಹೇಳಿದರು. ಕಾಲು, ಮುಖ ಎಲ್ಲ ಇದ್ದರೂ ಮೂರ್ತಿ ಗುಡ್ಡ ಹತ್ತಲ್ಲ ಎಂದು ಅವರಿಗೆ ಗೊತ್ತಿತ್ತು. ಅಂದರೆ ಮಕ್ಕಳು ಖಾಲಿ ತಲೆಯಿಂದ ಅಂಗನವಾಡಿಗೆ ಬರುವುದಿಲ್ಲ. ಸರಿಯಾದ ಪ್ರಶ್ನೆ ಕೇಳಿದರೆ ಅವರಲ್ಲಿ ಇರುವ ತಿಳಿವಳಿಕೆ ಹೊರಗೆ ಬರುತ್ತದೆ.

ಗುಡ್ಡದ ಪ್ರಶ್ನೆ ನಮ್ಮ ಕಡೆಗೆ ಹೇಳಿ ಮಾಡಿಸಿದ ಹಾಗಿದೆ. ಆನೆಗೊಂದಿ ಸುತ್ತ ಎಲ್ಲಿ ನೋಡಿದರೂ ಬಂಡೆ, ಬಳ್ಳಾರಿ ಊರ ನಡುವೆಯೇ ಕೋಟೆ ಗುಡ್ಡ. ಅಂಜನಾದ್ರಿಯ ಮೇಲೆ ಮಂಗಗಳು ಹತ್ತುತ್ತವೆ, ಇಳಿಯುತ್ತವೆ, ಪ್ರಸಾದ ಕಿತ್ತುಕೊಂಡು ಮತ್ತೆ ಹತ್ತುತ್ತವೆ. ಆದರೆ ಬಂಡೆ? ಉರುಳಿದರೆ ಕೆಳಗೆ ಬರಬಹುದು, ತಿರುಗಿ ಮೇಲೆ ಹೋಗುವ ಮಾತೇ ಇಲ್ಲ. ಅದೇ ಪ್ರಶ್ನೆಯನ್ನು ಹೊಳೆಗೂ ಕೇಳಬಹುದು. ತುಂಗಭದ್ರೆ ಹರಿಯುತ್ತದೆ, ಸದ್ದು ಮಾಡುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಮುನಿರಾಬಾದಿನಿಂದ ಹೊರಟ ಎಡದಂಡೆ ಕಾಲುವೆಯ ನೀರು ರಾಯಚೂರಿನ ಕಡೆಗೆ ಹೋಗುತ್ತದೆ. ಆದರೆ ಎಲ್ಲಿಯೂ ತಾನಾಗಿ ಏರು ಹತ್ತುವುದಿಲ್ಲ. ಎತ್ತರದ ಹೊಲಕ್ಕೆ ನೀರು ಬೇಕಂದ್ರೆ ಪಂಪ್‌ಸೆಟ್ ಹಾಕಬೇಕು. ರೈತರ ಮನೆಯ ಮಕ್ಕಳಿಗೆ ಇದನ್ನು ಹೇಳಿಕೊಡುವುದೇ ಬೇಡ.

ಟ್ರ್ಯಾಕ್ಟರ್ ಮಾತ್ರ ಏರು ಹತ್ತುತ್ತದೆ. ಹೌದು. "ಡ್ರೈವರ್ ಇಳಿದು ಮನಿಗೆ ಹೋದ್ರ?" ಅಂತ ಕೇಳಿ. "ಡೀಸೆಲ್ ಖಾಲಿಯಾದ್ರ?" ಅಂತಲೂ ಕೇಳಿ. ಎರಡನೆಯ ಪ್ರಶ್ನೆಗೆ ಚುರುಕು ಮಗು ತಿರುಗಿ ಕೇಳುತ್ತದೆ: "ಎತ್ತಿಗೂ ಮೇವು ಹಾಕ್ಲಿಲ್ಲಂದ್ರ ನಡ್ಯಂಗಿಲ್ಲಲ್ರಿ?" ಒಳ್ಳೆಯ ಪ್ರಶ್ನೆ. ಉತ್ತರವೂ ಅದರಲ್ಲೇ ಇದೆ. ಡೀಸೆಲ್ ಇಲ್ಲದ ಟ್ರ್ಯಾಕ್ಟರ್ ತಿಂಗಳು ಬಿಟ್ಟು ಡೀಸೆಲ್ ಹಾಕಿದರೂ ಹೊರಡುತ್ತದೆ. ಎತ್ತನ್ನು ಹಾಗೆ ಬಿಡೋಕಾಗುತ್ತಾ? ಮೇವಿಲ್ಲದೆ ಅದು ಸತ್ತೇ ಹೋಗುತ್ತದೆ, ಆಮೇಲೆ ಎಷ್ಟು ಮೇವು ಹಾಕಿದರೂ ಏಳುವುದಿಲ್ಲ.

ಕಷ್ಟ ಇರುವುದು ಗಿಡದಲ್ಲಿ

ಪ್ರಾಣಿ ಯಾವುದು, ಯಂತ್ರ ಯಾವುದು ಅನ್ನುವುದು ಮಕ್ಕಳಿಗೆ ಬೇಗ ಹತ್ತುತ್ತದೆ. ಗಿಡಮರಗಳ ವಿಷಯ ಹಾಗಲ್ಲ. ಒಂದನೇ, ಎರಡನೇ ತರಗತಿಗೆ ಬಂದರೂ ಮರವನ್ನು ಕಲ್ಲಿನ ಜೊತೆಗೆ ಸೇರಿಸುವವರು ಸಿಗುತ್ತಾರೆ. ಓಡಾಟದ ನಿಯಮ ಇಲ್ಲಿ ಕೈಕೊಡುತ್ತದೆ.

ಇಲ್ಲಿ ದಾರಿ ತೋರಿಸಿದ್ದು ಜಪಾನಿನ ಗಿಯೂ ಹತಾನೊ ಮತ್ತು ಕಯೋಕೊ ಇನಗಾಕಿ. ಐದಾರು ವರ್ಷದ ಮಕ್ಕಳಿಗೂ ಗಿಡ ಮತ್ತು ಪ್ರಾಣಿ ಒಂದೇ ಗುಂಪು ಎಂದು ಅರ್ಥವಾಗುತ್ತದೆ, ಓಡಾಟದ ಮಾತು ಬಿಟ್ಟು ಊಟ ಮತ್ತು ಬೆಳವಣಿಗೆಯ ಮಾತಾಡಿದರೆ ಸಾಕು ಎಂದು ಅವರು ಕಂಡುಕೊಂಡರು. ಉಂಡರೆ, ಕುಡಿದರೆ ಕಸುವು ಬರುತ್ತದೆ, ಕಸುವು ಬಂದರೆ ದೊಡ್ಡದಾಗುತ್ತದೆ. ಇದು ಮಗುವಿಗೆ ತನ್ನ ಮೈಯಿಂದಲೇ ಗೊತ್ತು. "ಉಣ್ಣು, ದೊಡ್ಡಾಕಿ ಆಗ್ತಿ" ಎಂದು ಅಮ್ಮ ದಿನಾ ಹೇಳುತ್ತಾಳಲ್ಲ. ಅಲ್ಲಿಂದ ಗಿಡಕ್ಕೆ ಹೋಗುವುದು ಒಂದೇ ಹೆಜ್ಜೆ.

ಇನಗಾಕಿ ಇನ್ನೊಂದು ವಿಷಯ ಗಮನಿಸಿದರು. ಮನೆಯಲ್ಲಿ ಬಣ್ಣದ ಮೀನು ಸಾಕಿದ ಮಕ್ಕಳನ್ನೂ ಸಾಕದ ಮಕ್ಕಳನ್ನೂ ಕೇಳಿದರು: ಕಪ್ಪೆ ಮರಿಯನ್ನು ಯಾವಾಗಲೂ ಇಷ್ಟೇ ಚಿಕ್ಕದಾಗಿ ಇಟ್ಟುಕೊಳ್ಳಬಹುದಾ? ಮೀನು ಸಾಕಿದ ಮಕ್ಕಳು ಕಪ್ಪೆಯನ್ನು ಸಾಕದಿದ್ದರೂ ಚೆನ್ನಾಗಿ ಉತ್ತರಿಸಿದರು. ಮೀನು ದೊಡ್ಡದಾಯಿತಲ್ಲ, ಕಪ್ಪೆಯೂ ಆಗುತ್ತದೆ ಅನ್ನುವ ಲೆಕ್ಕ ಅವರದು. ಒಂದು ಜೀವಿಯನ್ನು ದಿನವೂ ನೋಡಿಕೊಂಡ ಮಗುವಿಗೆ ನೋಡದೇ ಇರುವ ಜೀವಿಯ ಬಗ್ಗೆಯೂ ತರ್ಕ ಮಾಡಲು ಬರುತ್ತದೆ. ನಮ್ಮಲ್ಲಿ ಮೀನಿನ ತೊಟ್ಟಿ ಇಲ್ಲದಿದ್ದರೇನಂತೆ, ಮರಿ ಮಾಡಿದ ಕೋಳಿ ಇದೆ, ಹಟ್ಟಿಯಲ್ಲಿ ಕರು ಇದೆ. ಕರುವಿನ ಕೊರಳಿಗೆ ಕಟ್ಟಿದ ಹಗ್ಗ ಬಿಗಿಯಾಗುತ್ತಾ ಬಂದದ್ದನ್ನು ಮಗುವಿನ ಕೈಯಿಂದಲೇ ಮುಟ್ಟಿಸಿ. ಹಗ್ಗ ಬೆಳೆದಿಲ್ಲ, ಕರು ಬೆಳೆದಿದೆ.

ಇನ್ನು ಗಿಡ ಸುಮ್ಮನೆ ನಿಂತಿರುತ್ತದೆ ಅನ್ನುವುದೂ ಅಷ್ಟು ನಿಜವಲ್ಲ. ಸಂಜೆ ಹೊತ್ತು ಹುಣಸೆ ಮರದ ಕೆಳಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಬೆಳಿಗ್ಗೆ ಬಿಚ್ಚಿಕೊಂಡಿದ್ದ ಎಲೆಗಳು ಕತ್ತಲಾಗುತ್ತಿದ್ದಂತೆ ಜೋಡಿ ಜೋಡಿಯಾಗಿ ಮಡಚಿಕೊಳ್ಳುತ್ತವೆ. ಸೂರ್ಯಕಾಂತಿ ಬಿತ್ತಿದ ಹೊಲ ಹತ್ತಿರ ಇದ್ದರೆ ಇನ್ನೂ ಒಳ್ಳೆಯದು. ಎಳೆಯ ಗಿಡಗಳ ತುದಿ ಬೆಳಿಗ್ಗೆ ಪೂರ್ವಕ್ಕೆ, ಸಂಜೆ ಪಶ್ಚಿಮಕ್ಕೆ ತಿರುಗಿರುತ್ತದೆ. ಒಂದು ಎಚ್ಚರಿಕೆ: ಹೂ ಪೂರ್ತಿ ಅರಳಿದ ಮೇಲೆ ಗಿಡ ತಿರುಗುವುದು ನಿಲ್ಲಿಸುತ್ತದೆ, ಪೂರ್ವಕ್ಕೇ ಮುಖ ಮಾಡಿ ನಿಲ್ಲುತ್ತದೆ. ಅರಳಿದ ಹೂವಿನ ಹೊಲಕ್ಕೆ ಕರೆದುಕೊಂಡು ಹೋಗಿ "ನೋಡ್ರಿ ತಿರುಗುತ್ತೆ" ಅಂದರೆ ಮಕ್ಕಳ ಮುಂದೆ ಮಾನ ಹೋಗುತ್ತದೆ.

ಬಳ್ಳಾರಿ ಜಾಲಿಯನ್ನು ಬೈಯದವರಿಲ್ಲ. ಪಾಠಕ್ಕೆ ಮಾತ್ರ ಅದಕ್ಕಿಂತ ಒಳ್ಳೆಯ ಗಿಡ ಸಿಗುವುದು ಕಷ್ಟ. ಬುಡಕ್ಕೆ ಕಡಿದು ಬಿಡಿ, ಮಳೆ ಬಿದ್ದ ಕೆಲವೇ ದಿನಕ್ಕೆ ಮತ್ತೆ ಚಿಗುರುತ್ತದೆ. ಪಕ್ಕದಲ್ಲೇ ಮುರಿದ ಕುರ್ಚಿಯ ಕಾಲೊಂದನ್ನು ನೆಲಕ್ಕೆ ನೆಟ್ಟು, ಅದಕ್ಕೂ ದಿನಾ ನೀರು ಹಾಕಿಸಿ. ಎರಡೂ ಮರವೇ ಅಲ್ವಾ? ಒಂದು ಯಾಕೆ ಚಿಗುರಿತು, ಇನ್ನೊಂದು ಯಾಕೆ ಚಿಗುರಲಿಲ್ಲ? ಈ ಪ್ರಶ್ನೆ ಎದ್ದರೆ ನಿಜವಾದ ಪಾಠ ಶುರುವಾಯಿತು ಅಂತಲೇ ಲೆಕ್ಕ.

ಹಸಿ ಕಾಳು, ಹುರಿದ ಕಾಳು, ಹರಳು

ಈಗ ಹೆಸರುಕಾಳಿನ ಮಾತು. ಮೂರು ಬಟ್ಟಲು ತೆಗೆದುಕೊಳ್ಳಿ. ಒಂದಕ್ಕೆ ಒಂದು ಹಿಡಿ ಹಸಿ ಹೆಸರುಕಾಳು. ಇನ್ನೊಂದಕ್ಕೆ ಹಂಚಿನ ಮೇಲೆ ಕಂದು ಬಣ್ಣ ಬರುವ ತನಕ ಹುರಿದ ಹೆಸರುಕಾಳು. ಮೂರನೆಯದಕ್ಕೆ ಉಸುಕಿನಿಂದ ಆರಿಸಿದ ಸಣ್ಣ ಹರಳು. ಹುರಿಯುವುದನ್ನು ಮಕ್ಕಳು ನೋಡಲಿ, ಹಂಚಿನ ಹತ್ತಿರ ಬರುವುದು ಬೇಡ. ಮೂರಕ್ಕೂ ರಾತ್ರಿ ನೀರು ಹಾಕಿಡಿ. ಬೆಳಿಗ್ಗೆ ನೀರು ಬಸಿದು, ಮೂರನ್ನೂ ಬೇರೆ ಬೇರೆ ಹಸಿ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ. ನಮ್ಮ ಬೇಸಿಗೆಯಲ್ಲಿ ಬಟ್ಟೆ ಬೇಗ ಒಣಗುತ್ತದೆ, ಆಗಾಗ ನೀರು ಚಿಮುಕಿಸುವ ಕೆಲಸವನ್ನು ಮಕ್ಕಳಿಗೇ ಕೊಡಿ.

ಗಂಟು ಕಟ್ಟುವ ಮೊದಲು ಒಮ್ಮೆ ಬಟ್ಟಲೊಳಗೆ ಇಣುಕಿ ನೋಡಿಸಿ. ಹರಳು ಹಾಗೇ ಇದೆ. ಹಸಿ ಕಾಳು ಉಬ್ಬಿದೆ. ಹುರಿದ ಕಾಳೂ ಉಬ್ಬಿದೆ! ಮಕ್ಕಳು ತಕ್ಷಣ "ಇದೂ ಬೆಳ್ದೈತಿ" ಅನ್ನುತ್ತಾರೆ. ಅವಸರಪಟ್ಟು ತಿದ್ದಬೇಡಿ. ಒಣಗಿದ ಕಾಳು ಸತ್ತಿದ್ದರೂ ನೀರು ಹೀರಿ ಉಬ್ಬುತ್ತದೆ, ಅದಕ್ಕೆ ಜೀವ ಬೇಕಾಗಿಲ್ಲ. ಆದರೆ ಇದನ್ನು ಬಾಯಲ್ಲಿ ಹೇಳಿದರೆ ಏನೂ ಉಪಯೋಗ ಇಲ್ಲ. ಮರುದಿನದ ತನಕ ಕಾಯಿರಿ.

ಮರುದಿನ ಹಸಿ ಕಾಳಿನ ಗಂಟು ಬಿಚ್ಚಿದರೆ ಸಿಪ್ಪೆ ಒಡೆದು ಬಿಳಿ ಮೊಳಕೆ ಹೊರಗೆ ಬಂದಿರುತ್ತದೆ. ಹುರಿದದ್ದು ಉಬ್ಬಿದಷ್ಟೇ ಉಬ್ಬಿ ಮೆತ್ತಗೆ ಕೂತಿರುತ್ತದೆ. ಇನ್ನೂ ಎರಡು ದಿನ ಬಿಟ್ಟರೆ ಹುರಿದ ಕಾಳು ಲೋಳೆಯಾಗಿ ವಾಸನೆ ಹೊಡೆಯುತ್ತದೆ. ಅದರ ಮೇಲೆ ಬೂಷ್ಟು ಬಂದರೆ, "ಅಕ್ಕೋರ, ಇದಕ್ಕೂ ಕೂದ್ಲ ಬಂದೈತಿ, ಇದಕ್ಕೂ ಜೀವ ಐತಿ!" ಎಂದು ಯಾರಾದರೂ ಕೂಗುತ್ತಾರೆ. ಕೂಗಲಿ. ಬೂಷ್ಟಿಗೆ ಜೀವ ಇರುವುದು ನಿಜ. ಆದರೆ ಅದು ಕಾಳಿನ ಜೀವ ಅಲ್ಲ. ಅದು ಬೇರೆಯದೇ ಜೀವಿ, ಸತ್ತ ಕಾಳನ್ನು ತಿಂದು ಬೆಳೆಯುತ್ತಿದೆ. ಈ ಪ್ರಯೋಗದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಘಟ್ಟ ಇದು. ಯಾವ ಚಾರ್ಟೂ ಇದನ್ನು ತೋರಿಸಲ್ಲ. (ಬೂಷ್ಟು ಬಂದದ್ದನ್ನು ಮೂಸಿ ನೋಡುವುದು ಬೇಡ. ನೋಡಿ ಆದ ಮೇಲೆ ತಿಪ್ಪೆಗೆ ಹಾಕಿ ಕೈ ತೊಳೆಸಿ.)

ಮೊಳಕೆ ಬಂದವನ್ನು ಎರೆಮಣ್ಣು ತುಂಬಿದ ಡಬ್ಬಿಗೆ ಹಚ್ಚಿ. ಹೆಸರು ಬೇಗ ಬರುವ ಬೆಳೆ, ಎರಡು ಎರಡೂವರೆ ತಿಂಗಳಲ್ಲಿ ಕಾಯಿ ಕಟ್ಟಿ ಒಣಗುತ್ತದೆ. ಒಂದು ಕಾಳು ಹಾಕಿದ್ದಕ್ಕೆ ಎಷ್ಟು ಕಾಳು ಸಿಕ್ಕವು ಎಂದು ಮಕ್ಕಳೇ ಎಣಿಸಲಿ. ಅಷ್ಟು ಹೊತ್ತಿಗೆ ಗಿಡ ಒಣಗಿ ಸತ್ತಿರುತ್ತದೆ. ಹುಟ್ಟು, ಊಟ, ಬೆಳವಣಿಗೆ, ಸಂತಾನ, ಸಾವು, ಪಠ್ಯಪುಸ್ತಕದಲ್ಲಿ ಪಟ್ಟಿ ಮಾಡಿದ್ದೆಲ್ಲ ಒಂದೇ ಡಬ್ಬಿಯಲ್ಲಿ ಆಗಿ ಮುಗಿದಿರುತ್ತದೆ.

ಹಾಗಾದರೆ ಡಬ್ಬಿಗೆ ಬೀಳುವ ಮೊದಲು, ಅಡುಗೆ ಮನೆಯಲ್ಲಿ ಇದ್ದ ಒಣ ಕಾಳಿಗೆ ಜೀವ ಇತ್ತಾ? ಇತ್ತು. ಬೀಜದ ಒಳಗಿನ ಪುಟ್ಟ ಸಸಿ ಬಹಳ ನಿಧಾನವಾಗಿ ಉಸಿರಾಡುತ್ತಾ ಕಾಯುತ್ತಿರುತ್ತದೆ. ಗಂಗಾವತಿ, ಸಿಂಧನೂರು ಕಡೆ ಸಸಿಮಡಿಗೆ ಚೆಲ್ಲುವ ಮೊದಲು ಭತ್ತದ ಬೀಜವನ್ನು ನೆನೆಸಿ, ಗೋಣಿಚೀಲದಲ್ಲಿ ಕಟ್ಟಿ ಮೊಳಕೆ ಬರಿಸುವುದನ್ನು ಮಕ್ಕಳು ನೋಡಿಯೇ ಇರುತ್ತಾರೆ. ಹಳೆಯ ಬೀಜವಾದರೆ ಮೊಳಕೆ ಕಡಿಮೆ ಬರುತ್ತದೆ ಎಂದು ರೈತರಿಗೆ ಗೊತ್ತು. ಬೀಜವೂ ಸಾಯುತ್ತದೆ, ಆದರೆ ಎಲ್ಲ ಬೀಜವೂ ಬೇಗ ಸಾಯುವುದಿಲ್ಲ. ಇಸ್ರೇಲಿನ ಮಸಾಡಾ ಕೋಟೆಯ ಉತ್ಖನನದಲ್ಲಿ ಸಿಕ್ಕ ಖರ್ಜೂರದ ಬೀಜವೊಂದನ್ನು 2005ರಲ್ಲಿ ನೆಟ್ಟರು. ಅದು ಸುಮಾರು 2000 ವರ್ಷ ಹಳೆಯದು. ಮೊಳಕೆ ಬಂತು, ಗಿಡವೂ ಆಯಿತು. ಅಷ್ಟು ಕಾಲ ಅಲ್ಲಾಡದೆ ಬಿದ್ದಿದ್ದಕ್ಕೆ ಜೀವ ಇತ್ತು ಅಂದ ಮೇಲೆ ಓಡಾಟದ ನಿಯಮದ ಕಥೆ ಮುಗಿಯಿತು.

ಎರಡು ಗುಂಪು ಸಾಲದು

ಹಸಿ ಕಾಳಿಗೆ ಜೀವ ಇದೆ. ಹರಳಿಗೆ ಇಲ್ಲ, ಎಂದೂ ಇರಲಿಲ್ಲ. ಹುರಿದ ಕಾಳನ್ನು ಎಲ್ಲಿಡುವುದು? ಅದಕ್ಕೆ ಜೀವ ಇತ್ತು, ಹೋಯಿತು. ಮಕ್ಕಳಿಗೆ ಎರಡೇ ಡಬ್ಬಿ ಕೊಟ್ಟು ವಿಂಗಡಿಸಿ ಅಂದರೆ ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಮೂರನೆಯ ಡಬ್ಬಿ ಕೊಡಿ: "ಮೊದ್ಲ ಜೀವ ಇತ್ತು".

ಆ ಡಬ್ಬಿ ಎಲ್ಲಕ್ಕಿಂತ ಬೇಗ ತುಂಬುತ್ತದೆ. ರೊಟ್ಟಿ, ಹತ್ತಿ ಅಂಗಿ, ಚರ್ಮದ ಚಪ್ಪಲಿ, ಕಟ್ಟಿಗೆ, ಬಿದ್ದ ಎಲೆ, ಕೋಳಿ ಪುಕ್ಕ. ಕಿನ್ನಾಳದ ಗೊಂಬೆ ಇದ್ದರೆ ಅದನ್ನೂ ತನ್ನಿ. ಅದಕ್ಕೆ ಕಣ್ಣಿದೆ, ಮೂಗಿದೆ, ಸೀರೆಯ ಬಣ್ಣವೂ ಇದೆ. ಗೊಂಬೆಯಾಗಿ ಅದಕ್ಕೆ ಎಂದೂ ಜೀವ ಇರಲಿಲ್ಲ. ಆದರೆ ಅದರ ಹಗುರ ಕಟ್ಟಿಗೆ ಒಂದು ಮರದ್ದು, ಅಂಟು ಹುಣಸೆ ಬೀಜದ್ದು. ಮಕ್ಕಳು ಇದರ ಬಗ್ಗೆ ಜಗಳ ಮಾಡುತ್ತಾರೆ, ಮಾಡಬೇಕು. ಸ್ವಲ್ಪ ದೊಡ್ಡ ಮಕ್ಕಳಾದರೆ ಶಕ್ತಿನಗರದ ಮಾತು ತೆಗೆಯಬಹುದು. ಅಲ್ಲಿ ಕರೆಂಟ್ ತಯಾರಿಸಲು ಸುಡುವ ಕಲ್ಲಿದ್ದಲು 25 ಕೋಟಿ ವರ್ಷಕ್ಕೂ ಹಿಂದಿನ ಗಿಡಮರಗಳಿಂದ ಆದದ್ದು. ಕಲ್ಲಿನ ಹಾಗೇ ಕಾಣುತ್ತದೆ, ಹೆಸರಿನಲ್ಲೂ ಕಲ್ಲಿದೆ, ಆದರೂ ಸೇರುವುದು ಮೂರನೆಯ ಡಬ್ಬಿಗೆ.

ಸಾವಿನ ಮಾತು ಬಂತು ಅಂತ ಕೆಲವರು ಮೂರನೆಯ ಡಬ್ಬಿಯನ್ನೇ ಬಿಟ್ಟುಬಿಡುತ್ತಾರೆ. "ಸಣ್ಣ ಮಕ್ಳಿಗೆ ಅದೆಲ್ಲ ಯಾಕ" ಅನ್ನುತ್ತಾರೆ. ಸಾಕಿದ ಮರಿ ಸತ್ತದ್ದನ್ನು, ಅಜ್ಜ ಹೋದದ್ದನ್ನು ಆ ಮಕ್ಕಳು ಕಂಡಿರುತ್ತಾರೆ. ಮಲಗಿದ ನಾಯಿಗೂ ಸತ್ತ ನಾಯಿಗೂ ಏನು ವ್ಯತ್ಯಾಸ ಎಂದು ಅವರೇ ಕೇಳುತ್ತಾರೆ. ಮಲಗಿದ್ದರ ಹೊಟ್ಟೆ ಮೇಲೆ ಕೆಳಗೆ ಆಗುತ್ತಿರುತ್ತದೆ, ಎಬ್ಬಿಸಿದರೆ ಏಳುತ್ತದೆ. ಇಷ್ಟನ್ನು ಹೇಳಲು ಹಿಂಜರಿಯಬೇಕಿಲ್ಲ.

ಪಟ್ಟಿಯ ತೂತುಗಳು, ಮತ್ತು ಅವ್ವನ ಪ್ರಶ್ನೆ

ಜೀವಿಗಳು ಉಣ್ಣುತ್ತವೆ, ಉಸಿರಾಡುತ್ತವೆ, ಬೆಳೆಯುತ್ತವೆ, ಚಲಿಸುತ್ತವೆ, ಸಂತಾನ ಪಡೆಯುತ್ತವೆ. ಪರಿಸರ ಅಧ್ಯಯನದ ಪಾಠದಲ್ಲಿ ಬರುವ ಈ ಪಟ್ಟಿ ತಪ್ಪಲ್ಲ. ಒಂದೊಂದನ್ನೇ ಬಿಡಿಯಾಗಿ ಹಿಡಿದರೆ ಮಾತ್ರ ಜಾರಿಕೊಳ್ಳುತ್ತದೆ. ಒಲೆಯ ಬೆಂಕಿ ಕಟ್ಟಿಗೆ ತಿನ್ನುತ್ತದೆ, ಗಾಳಿ ಇಲ್ಲದಿದ್ದರೆ ಆರುತ್ತದೆ, ದೊಡ್ಡದಾಗುತ್ತದೆ, ಪಕ್ಕದ ಬಣವೆಗೂ ಹಬ್ಬುತ್ತದೆ. ಸಕ್ಕರೆ ಪಾಕದಲ್ಲಿ ದಾರ ಇಳಿಬಿಟ್ಟರೆ ಕಲ್ಲುಸಕ್ಕರೆಯ ಹರಳು ದಿನದಿಂದ ದಿನಕ್ಕೆ ಬೆಳೆಯುತ್ತದೆ. ಇನ್ನೊಂದು ಕಡೆ, ಹೊಲ ಉಳುವ ಎತ್ತಿಗೆ ಕರು ಆಗುವುದಿಲ್ಲ. ಹಾಗಂತ ಎತ್ತನ್ನು ನಿರ್ಜೀವಿ ಅನ್ನೋಕಾಗುತ್ತಾ?

ದೊಡ್ಡ ತರಗತಿಯಲ್ಲಿ ಇದಕ್ಕೆ ಜೀವಕೋಶದ ಉತ್ತರ ಇದೆ. ಗಿಡಗಳೆಲ್ಲ ಜೀವಕೋಶಗಳಿಂದ ಆಗಿವೆ ಎಂದು 1838ರಲ್ಲಿ ಶ್ಲೈಡನ್, ಪ್ರಾಣಿಗಳೂ ಹಾಗೇ ಎಂದು 1839ರಲ್ಲಿ ಶ್ವಾನ್ ಹೇಳಿದರು. ಬೆಂಕಿಗೂ ಕಲ್ಲುಸಕ್ಕರೆಗೂ ಜೀವಕೋಶ ಇಲ್ಲ. ಆದರೆ ಐದು ವರ್ಷದ ಮಗುವಿಗೆ ಸೂಕ್ಷ್ಮದರ್ಶಕ ಎಲ್ಲಿಂದ ತರೋಣ? ಅದಕ್ಕೆ ನಾನು ಹೇಳುವುದು ಇನ್ನೊಂದು ಪ್ರಶ್ನೆ: "ಇದರ ಅವ್ವ ಯಾರು?"

ಕರುವಿನ ಅವ್ವ ಆಕಳು. ಎತ್ತಿಗೆ ಮಕ್ಕಳಿಲ್ಲದಿದ್ದರೂ ಅವ್ವ ಇದ್ದಳು. ಬೇವಿನ ಸಸಿಯ ಅವ್ವ ಬೇವಿನ ಮರ. ಬೆಂಕಿಯ ಅವ್ವ? ಕಡ್ಡಿ ಗೀರಿದರೂ ಬೆಂಕಿ ಬರುತ್ತದೆ, ಭೂತಗನ್ನಡಿಯ ಕೆಳಗೆ ಬಿಸಿಲು ಬಿದ್ದರೂ ಬರುತ್ತದೆ, ಅದಕ್ಕೆ ಅವ್ವ ಬೇಕಿಲ್ಲ. ಟ್ರ್ಯಾಕ್ಟರ್‌ಗೆ ಫ್ಯಾಕ್ಟರಿ ಇದೆ. ಮಾವಿನ ಹಣ್ಣಿನ ಹುಳ? ಇಲ್ಲಿ ದೊಡ್ಡವರೂ "ಅದು ಹಣ್ಣಿನ್ಯಾಗ ತಾನ ಹುಟ್ಟತೈತಿ" ಅಂದುಬಿಡುತ್ತಾರೆ. ನೊಣ ಬಂದು ಮೊಟ್ಟೆ ಇಟ್ಟಿರುತ್ತದೆ. ಸೂಕ್ಷ್ಮಜೀವಿಗಳೂ ತಾವಾಗಿ ಹುಟ್ಟುವುದಿಲ್ಲ ಎಂದು ಲೂಯಿ ಪಾಶ್ಚರ್ 1860ರ ದಶಕದಲ್ಲಿ ಬಾಗಿದ ಕೊಳವೆಯ ಗಾಜಿನ ಬುರುಡೆಗಳನ್ನಿಟ್ಟು ತೋರಿಸಿಕೊಟ್ಟರು. ಜೀವ ಜೀವದಿಂದಲೇ ಬರುತ್ತದೆ. ಮಗು ಇದನ್ನು ಅವ್ವನ ಪ್ರಶ್ನೆಯಾಗಿ ಕೇಳಿಕೊಂಡರೆ ಸಾಕು.

ಇನ್ನೊಂದು ಪರೀಕ್ಷೆಯೂ ಚೆನ್ನಾಗಿ ನಡೆಯುತ್ತದೆ, ಗಾಯದ್ದು. ಅದಕ್ಕೆ ನಮ್ಮ ಹಬ್ಬಗಳೇ ಸಾಮಾನು ಒದಗಿಸುತ್ತವೆ. ಕಾರಹುಣ್ಣಿಮೆಗೆ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ ಮೆರೆಸುತ್ತೇವೆ. ಅದಾದ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಅವತ್ತು ಮಕ್ಕಳೇ ಎರೆಮಣ್ಣು ನಾದಿ ಎತ್ತು ಮಾಡುತ್ತಾರೆ, ಗ್ವಾದಲಿ ಮಾಡುತ್ತಾರೆ, ಪೂಜೆ ಮಾಡುತ್ತಾರೆ. ಪೂಜೆಯ ಎತ್ತನ್ನು ಬಿಟ್ಟು, ಹೆಚ್ಚಿಗೆ ಮಾಡಿದ ಒಂದು ಎತ್ತನ್ನು ಶಾಲೆಗೆ ತರಲಿ. ಬಿಸಿಲಿಗೆ ಅದರ ಮೈ ಬಿರುಕು ಬಿಡುತ್ತದೆ. ಬಿರುಕು ತಾನಾಗಿ ಕೂಡಿಕೊಳ್ಳುತ್ತದಾ, ವಾರ ಪೂರ್ತಿ ನೋಡಲಿ. ಮನೆಯ ಎತ್ತಿನ ಹೆಗಲಿಗೆ ನೊಗ ತಾಗಿ ಆದ ಗಾಯ, ತಮ್ಮ ಮೊಣಕಾಲಿನ ತರಚು ಗಾಯ ಅಷ್ಟರಲ್ಲಿ ಮಾಯುತ್ತಾ ಬಂದಿರುತ್ತದೆ. ಪಂಕ್ಚರ್ ಆದ ಟೈರ್ ಮಾಯುವುದಿಲ್ಲ. ಕೊಡಲಿ ತಾಗಿದ ಬೇವಿನ ಕಾಂಡದ ಸುತ್ತ ತೊಗಟೆ ನಿಧಾನಕ್ಕೆ ಕೂಡಿಕೊಳ್ಳುತ್ತದೆ. ಮಗು ಇಲ್ಲಿ ಬೇವನ್ನು ತನ್ನ ಮೊಣಕಾಲಿನ ಜೊತೆಗೆ ಸೇರಿಸುತ್ತದೆ, ಟ್ರ್ಯಾಕ್ಟರನ್ನು ಮಣ್ಣೆತ್ತಿನ ಜೊತೆಗೆ ಸೇರಿಸುತ್ತದೆ.

ತೊಡಕಿನ ಪ್ರಶ್ನೆಗಳು

ಮಣ್ಣೆತ್ತಿನ ಹಿಂದೆಯೇ ಬರುವ ಪ್ರಶ್ನೆ ಗೊತ್ತಲ್ಲ: "ಗುಡ್ಯಾಗಿನ ದೇವ್ರಿಗೆ ಜೀವ ಐತೇನ್ರಿ?" ಗಾಬರಿ ಬೀಳಬೇಕಿಲ್ಲ. ದೇವರ ಮಾತನ್ನು ಮನೆಯವರಿಗೆ ಬಿಟ್ಟು, ಕಲ್ಲಿನ ಮಾತನ್ನು ಮಾತ್ರ ಆಡಿ. ಕಲ್ಲು ಬೆಳೆಯುವುದಿಲ್ಲ, ಮುಕ್ಕಾದರೆ ಮಾಯುವುದಿಲ್ಲ. ಅಲ್ಲಿಗೆ ನಿಲ್ಲಿಸಿ. ನಾಗರಪಂಚಮಿಯ ಹುತ್ತದ ಬಗ್ಗೆ ಮಾತ್ರ ಧಾರಾಳವಾಗಿ ಮಾತಾಡಬಹುದು. ಹುತ್ತ ಮಣ್ಣು, ಅದಕ್ಕೆ ಜೀವ ಇಲ್ಲ. ಕಟ್ಟಿದ ಗೆದ್ದಲಿಗೆ ಇದೆ, ಆಮೇಲೆ ಬಂದು ಸೇರಿಕೊಂಡ ಹಾವಿಗೂ ಇದೆ. ಹುತ್ತ ವರ್ಷ ವರ್ಷ ಎತ್ತರ ಆಗುತ್ತದಲ್ಲ ಅಂದರೆ, ಮನೆಯ ಮೇಲೆ ಇನ್ನೊಂದು ಅಂತಸ್ತು ಹಾಕಿದರೂ ಮನೆ ಎತ್ತರ ಆಗುತ್ತದೆ ಅನ್ನಿ.

ದೋಸೆ ಹಿಟ್ಟು ರಾತ್ರಿ ಉಬ್ಬುತ್ತದೆ. ಹಿಟ್ಟಿಗೆ ಜೀವ ಇಲ್ಲ, ಅದರಲ್ಲಿರುವ ಕಣ್ಣಿಗೆ ಕಾಣದ ಜೀವಿಗಳಿಗೆ ಇದೆ. ಹಾಲಿಗೆ ಹೆಪ್ಪು ಹಾಕುವುದೂ ಅದೇ ಲೆಕ್ಕ. ಕುದಿಯುವ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುವುದಿಲ್ಲ, ಬಿಸಿಗೆ ಅವು ಸಾಯುತ್ತವೆ. ವೈರಸ್ ಬಗ್ಗೆ ಕೇಳುವ ಮಕ್ಕಳೂ ಇದ್ದಾರೆ, ಕೊರೊನಾ ಬಂದು ಹೋದ ಮೇಲೆ ಆ ಮಾತು ಎಲ್ಲರ ಬಾಯಲ್ಲೂ ಇದೆ. ಅದು ಉಣ್ಣುವುದಿಲ್ಲ, ತಾನಾಗಿ ಮರಿ ಮಾಡುವುದಿಲ್ಲ, ಇನ್ನೊಂದರ ಜೀವಕೋಶದೊಳಗೆ ಹೊಕ್ಕರೆ ಮಾತ್ರ ಹೆಚ್ಚುತ್ತದೆ. ವಿಜ್ಞಾನಿಗಳಲ್ಲೇ ಇದರ ಬಗ್ಗೆ ಒಮ್ಮತ ಇಲ್ಲ. ಮಕ್ಕಳಿಗೂ ಹಾಗೇ ಹೇಳಿ.

ಈಗಿನ ಮಕ್ಕಳ ಹೊಸ ಪ್ರಶ್ನೆ ಮೊಬೈಲ್‌ನದು. ಕೇಳಿದ್ದಕ್ಕೆ ಉತ್ತರ ಕೊಡುತ್ತದೆ, ಹೆಸರು ಹಿಡಿದು ಕರೆಯುತ್ತದೆ, ಹಾಡು ಹೇಳು ಅಂದರೆ ಹೇಳುತ್ತದೆ. ಕಲ್ಲಿಗಿಂತ, ಗಿಡಕ್ಕಿಂತ ಜಾಸ್ತಿ ಮಾತಾಡುತ್ತದೆ. ಪಿಯಾಜೆಯ ಕಾಲದ ಮಕ್ಕಳಿಗೆ ಈ ಪೇಚು ಇರಲಿಲ್ಲ. ಇಲ್ಲೂ ಅವೇ ಪ್ರಶ್ನೆ: ಅದಕ್ಕೆ ಅವ್ವ ಇದ್ದಾಳಾ? ಒಡೆದ ಪರದೆ ತಾನೇ ಮಾಯುತ್ತದಾ? ಹೋದ ವರ್ಷಕ್ಕಿಂತ ಈ ವರ್ಷ ದೊಡ್ಡದಾಗಿದೆಯಾ?

ಕಲಿತಿದ್ದಾರಾ ಇಲ್ವಾ ಎಂದು ನೋಡಲು ಪಟ್ಟಿ ಕೇಳಬೇಡಿ. ಪಾಠದಲ್ಲಿ ಬಾರದೇ ಇರುವ ಏನನ್ನಾದರೂ ಎದುರಿಗೆ ಇಡಿ. ಬುಟ್ಟಿಯಲ್ಲೇ ಮೊಳಕೆ ಬಂದ ಉಳ್ಳಾಗಡ್ಡಿ, ಹಸಿ ಶುಂಠಿ, ತೊಗರಿಬೇಳೆ, ಕೋಳಿ ಮೊಟ್ಟೆ. "ಜೀವ ಐತೋ ಇಲ್ಲೋ" ಎಂದು ಕೇಳಿ, ಬೆನ್ನಿಗೇ "ಹೆಂಗ ಗೊತ್ತಾತು?" ಎಂದು ಕೇಳಿ. ಉಳ್ಳಾಗಡ್ಡಿ ಸುಲಭ. ಇಡೀ ತೊಗರಿ ಮೊಳಕೆ ಬರುತ್ತದೆ, ಬೇಳೆ ಮಾಡಿದ್ದು ಬರಲ್ಲ, ಅದಕ್ಕೆ ಸ್ವಲ್ಪ ತಲೆ ಕೆಡಿಸಿಕೊಳ್ಳಬೇಕು. ಮೊಟ್ಟೆ ಇನ್ನೂ ಕಷ್ಟ. ಕೋಳಿ ಕಾವು ಕೂತಿರುವ ಮೊಟ್ಟೆಯಾ, ಪೇಟೆಯಿಂದ ತಂದ ಫಾರ್ಮ್ ಮೊಟ್ಟೆಯಾ ಎಂದು ಮಗು ತಿರುಗಿ ಕೇಳಿದರೆ, ಉತ್ತರ ಹೇಳದಿದ್ದರೂ ಪೂರ್ತಿ ಮಾರ್ಕ್ಸ್ ಕೊಡಿ.